ತುಂಗಭದ್ರಾ ಕಾಲುವೆ ನೀರು: ನೆರೆಯವರ ಲೆಕ್ಕ, ನಮ್ಮ ಲೆಕ್ಕ

(ಒಕ್ಕೂಟದ ವ್ಯಾಪ್ತಿಯ ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳ ಸಭೆಯಲ್ಲಿ ನಿವೃತ್ತ ನೀರಾವರಿ ಎಂಜಿನಿಯರೊಬ್ಬರು ಮಾಡಿದ ಭಾಷಣದ ಪಾಠ. ಸದಸ್ಯರ ಕೋರಿಕೆಯ ಮೇರೆಗೆ ಪ್ರಕಟಿಸಲಾಗಿದೆ. – ಸಂ.)



ಹಾಲಿನ ಸಭೆಗೆ ನನ್ನನ್ನು ಕರೆದು ನೀರಿನ ಬಗ್ಗೆ ಮಾತನಾಡಲು ಹೇಳಿದ್ದೀರಿ. ಹಾಲಿಗೆ ನೀರು ಬೆರೆಸುವ ವಿಚಾರ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಹಿಂದೆ ಕುಳಿತ ಕೆಲವರಿಗೆ ಗಾಬರಿಯಾದೀತು. ನಾನು ಹೇಳಬೇಕಾಗಿರುವುದು ಕಾಲುವೆಯ ನೀರಿನ ಮಾತು. ನಿಮ್ಮ ಕೊಟ್ಟಿಗೆಯ ಹುಲ್ಲು ಬರುವುದು ಆ ನೀರಿನಿಂದಲೇ.

2025–26ರಲ್ಲಿ ತುಂಗಭದ್ರಾ ಅಚ್ಚುಕಟ್ಟಿಗೆ ಎರಡನೇ ಬೆಳೆಗೆ ನೀರಿಲ್ಲ ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿತು. ಭತ್ತ ಹೋಯಿತು ಎಂದು ಎಲ್ಲರೂ ಮಾತನಾಡಿದರು. ಭತ್ತದ ಹುಲ್ಲು ಹೋಯಿತು ಎಂದು ಮಾತನಾಡಿದವರು ಕಡಿಮೆ. ಎರಡನೇ ಬೆಳೆ ಇಲ್ಲವೆಂದರೆ ಎರಡನೇ ಬಣವೆಯೂ ಇಲ್ಲ, ಬದುವಿನ ಹಸಿಮೇವೂ ಇಲ್ಲ. ನಾಲ್ಕೆಕರೆ ಇದ್ದವನು ಹೇಗೋ ತಡೆದುಕೊಂಡಾನು. ಭೂಮಿಯಿಲ್ಲದೆ ಎರಡು ಎಮ್ಮೆ ಕಟ್ಟಿಕೊಂಡು, ಬೇರೆಯವರ ಗದ್ದೆಯ ಹುಲ್ಲು ತಂದು ಹಾಲು ಹಾಕುವ ತಾಯಿಗೆ ತಡೆದುಕೊಳ್ಳಲು ಏನಿದೆ? ಆ ಕಾರಣಕ್ಕೇ ಈ ವಿಷಯ ನಿಮ್ಮ ಸಭೆಗೆ ಸೇರಿದ್ದು ಎಂದು ನಾನು ತಿಳಿದಿದ್ದೇನೆ.

ನೀರಿಲ್ಲದ ವರ್ಷ ಬಂದಾಗಲೆಲ್ಲ ನಮ್ಮ ಕಡೆ ಒಂದು ಮಾತು ಏಳುತ್ತದೆ: ಆಂಧ್ರದವರು ನೀರು ಒಯ್ದರು. ಆ ಕಡೆ ಹೋದರೆ ಅದೇ ಮಾತು ತಿರುಗಿ ಕೇಳುತ್ತದೆ: ಕರ್ನಾಟಕದವರು ನೀರು ಬಿಡಲಿಲ್ಲ. ಇಲಾಖೆಯಲ್ಲಿದ್ದಾಗ ನಾನೂ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಆಡಲು ಸುಲಭ, ಕೇಳಿದವರು ಸಿಟ್ಟು ಬೇರೆ ಕಡೆ ತಿರುಗಿಸಿಕೊಂಡು ಮನೆಗೆ ಹೋಗುತ್ತಾರೆ. ಒಂದು ಸಲ ಮಾತ್ರ ಹಾಗಾಗಲಿಲ್ಲ. ಎಡದಂಡೆ ಕಾಲುವೆಯ ಕೊನೆ ಭಾಗದ ಒಂದು ಹಳ್ಳಿಯ ಯಜಮಾನರು ನನ್ನ ಮಾತು ಪೂರ್ತಿ ಕೇಳಿ, ಬೀಡಿ ಆರಿಸಿ, ಹೀಗೆಂದರು: "ಸಾಹೇಬ್ರ, ಆಂಧ್ರದೋರು ಒಯ್ದ್ರು ಅಂತ ದಿನಾ ಹೇಳ್ತೀರಿ. ನಮ್ಮ ಕಾಲುವಿ ಆಂಧ್ರಕ್ಕ ಹೋಗೋದೇ ಇಲ್ಲಲ್ರೀ. ಮತ್ತ ನೀರು ಯಾರು ಕುಡುದ್ರು?"

ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ ಎನ್ನುವುದೇ ಸರಿ. ಮುನಿರಾಬಾದಿನಲ್ಲಿ ಹೊರಟು ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆಗೆ ಹೋಗುವ ಈ 227 ಕಿಲೋಮೀಟರ್ ಕಾಲುವೆ ಮೊದಲಿನಿಂದ ಕೊನೆಯವರೆಗೆ ನಮ್ಮ ರಾಜ್ಯದಲ್ಲಿಯೇ ಇದೆ. ಆ ಯಜಮಾನರ ಪ್ರಶ್ನೆಗೆ ಇಂದು ನಿಮ್ಮ ಮುಂದೆ ಉತ್ತರ ಹೇಳಲು ಪ್ರಯತ್ನ ಮಾಡುತ್ತೇನೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಈ ಅಣೆಕಟ್ಟು ಕಟ್ಟಲು ಹೊರಟಾಗ ಕರ್ನಾಟಕವೂ ಇರಲಿಲ್ಲ, ಆಂಧ್ರವೂ ಇರಲಿಲ್ಲ. ಬಲದಂಡೆ ಮದ್ರಾಸ್ ಪ್ರಾಂತ್ಯದ್ದು, ಎಡದಂಡೆ ನಿಜಾಮರ ಹೈದರಾಬಾದಿನದು. 1944ರಲ್ಲಿ ಇಬ್ಬರಿಗೂ ಒಪ್ಪಂದವಾಗಿ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ಆಯಿತು. 1953ರ ಜುಲೈ 1ರಂದು ಕಾಲುವೆಗೆ ನೀರು ಬಿಟ್ಟರು. ಮೂರು ತಿಂಗಳು ಕಳೆಯುವುದರೊಳಗೆ, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಉಳಿದ ಏಳು ತಾಲ್ಲೂಕು ಮೈಸೂರಿಗೆ ಬಂದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೂ ಮೈಸೂರಿಗೆ ಸೇರಿತು. ಆದರೆ ಅದರದೇ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣ ಬೇರೆಯಾಗಿ ಪಾಲುದಾರರು ಮೂವರಾದರು. ಗಡಿಗಳು ಹೀಗೆ ಸರಿದಾಡುತ್ತ ಹೋದವು, ಕಾಲುವೆ ತೋಡಿದಲ್ಲಿಯೇ ಉಳಿಯಿತು.

ಈಗ ಪಾಲಿನ ವಿಷಯ. ಕೃಷ್ಣಾ ನೀರಿನ ವಿವಾದಕ್ಕಾಗಿ 1969ರಲ್ಲಿ ನೇಮಕವಾದ ನ್ಯಾಯಮೂರ್ತಿ ಬಚಾವತ್ ಅವರ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟು, 1976ರಲ್ಲಿ ಅಂತಿಮಗೊಳಿಸಿತು. ಅದರಂತೆ ತುಂಗಭದ್ರಾ ಯೋಜನೆಗೆ 230 ಟಿ.ಎಂ.ಸಿ. ಅದರಲ್ಲಿ 18 ಟಿ.ಎಂ.ಸಿ. ಬಿಸಿಲಿಗೆ ಆವಿಯಾಗಿ ಹೋಗುವ ಲೆಕ್ಕ. ಉಳಿದ 212ರಲ್ಲಿ ಕರ್ನಾಟಕಕ್ಕೆ 138.99, ಆಗಿನ ಆಂಧ್ರಪ್ರದೇಶಕ್ಕೆ 73.01. ಟಿ.ಎಂ.ಸಿ. ಎಂದರೆ ಎಷ್ಟು ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ನೂರು ಕೋಟಿ ಘನ ಅಡಿ. ನಿಮಗೆ ತಿಳಿಯುವ ಹಾಗೆ ಹೇಳಬೇಕೆಂದರೆ, 40 ಲೀಟರಿನ ಹಾಲಿನ ಕ್ಯಾನ್ ಇದೆಯಲ್ಲ, ಅಂಥ ಎಪ್ಪತ್ತು ಕೋಟಿ ಕ್ಯಾನ್ ನೀರು ಒಂದು ಟಿ.ಎಂ.ಸಿ.

ತೀರ್ಪಿನಲ್ಲಿ ಬರೆದಷ್ಟು ನೀರು ಪ್ರತಿ ವರ್ಷ ಬರುವುದಿಲ್ಲ. ಹಾಗಾದಾಗ ಏನು ಮಾಡುವುದು? ಇಲ್ಲಿ ತುಂಗಭದ್ರಾ ಮಂಡಳಿ ಬರುತ್ತದೆ. 1953ರ ಆಂಧ್ರ ರಾಜ್ಯ ಕಾಯ್ದೆಯ ಅಡಿಯಲ್ಲಿ ರಾಷ್ಟ್ರಪತಿಗಳು ರಚಿಸಿದ ಸಂಸ್ಥೆ ಇದು. ಕೇಂದ್ರದವರು ಅಧ್ಯಕ್ಷರು, ರಾಜ್ಯಗಳ ಎಂಜಿನಿಯರುಗಳು ಸದಸ್ಯರು. ಅಣೆಕಟ್ಟು ಮತ್ತು ಬಲದಂಡೆಯ ಎರಡು ಜಂಟಿ ಕಾಲುವೆಗಳು ಅದರ ಉಸ್ತುವಾರಿಯಲ್ಲಿವೆ. ಜೂನ್ ತಿಂಗಳಲ್ಲಿ ಜಲವರ್ಷ ಶುರುವಾದ ಮೇಲೆ ಈ ವರ್ಷ ಒಟ್ಟು ಎಷ್ಟು ನೀರು ಸಿಕ್ಕೀತು ಎಂದು ಅಂದಾಜು ಮಾಡಿ, ಪಾಲಿನ ಪ್ರಮಾಣದಲ್ಲಿ ಹಂಚುತ್ತಾರೆ. ಮಳೆ ನೋಡಿಕೊಂಡು ಮತ್ತೆ ತಿದ್ದುತ್ತಾರೆ. ಉದಾಹರಣೆಗೆ, ಒಂದು ವರ್ಷ ಹಂಚಲು 160 ಟಿ.ಎಂ.ಸಿ. ಮಾತ್ರ ಇದೆ ಎನ್ನೋಣ. ನಮಗೆ ಸುಮಾರು 105, ಅವರಿಗೆ ಸುಮಾರು 55. ಕಡಿಮೆಯಾದರೆ ಇಬ್ಬರಿಗೂ ಕಡಿಮೆ. ಈ ಒಂದು ಸಾಲಿನ ಬೆಲೆ ಏನೆಂದು ಕಾವೇರಿ ಕಡೆಯವರನ್ನು ಕೇಳಬೇಕು. ಸಂಕಷ್ಟದ ವರ್ಷ ಯಾರಿಗೆ ಎಷ್ಟು ಎಂಬ ಪ್ರಶ್ನೆಯ ಮೇಲೆಯೇ ಅಲ್ಲಿ ಎಷ್ಟು ಬಂದ್, ಎಷ್ಟು ಬೆಂಕಿ ಆಗಿ ಹೋದವು.

ಉತ್ತರದ ಇನ್ನೊಂದು ಕಾಲುವೆಯ ಮಾತನ್ನೂ ಇಲ್ಲಿ ಹೇಳಬೇಕು. ಸಟ್ಲೆಜ್ ಮತ್ತು ಯಮುನಾ ನದಿಗಳನ್ನು ಜೋಡಿಸಲು ಪಂಜಾಬ್ ಮತ್ತು ಹರಿಯಾಣದ ನಡುವೆ 214 ಕಿಲೋಮೀಟರ್ ಕಾಲುವೆ ಯೋಜಿಸಿದರು. ಪಂಜಾಬಿನಲ್ಲಿ 122, ಹರಿಯಾಣದಲ್ಲಿ 92. ಹರಿಯಾಣ ತನ್ನ ಭಾಗವನ್ನು 1980ರ ಹೊತ್ತಿಗೇ ಮುಗಿಸಿತು. 1982ರ ಏಪ್ರಿಲ್ 8ರಂದು ಕಪೂರಿ ಎಂಬಲ್ಲಿ ಇಂದಿರಾ ಗಾಂಧಿಯವರು ಪಂಜಾಬ್ ಭಾಗದ ಕೆಲಸಕ್ಕೆ ಚಾಲನೆ ಕೊಟ್ಟರು. ವಿರೋಧ ಬೆಳೆಯಿತು, ಅದಕ್ಕೆ ಉಗ್ರವಾದ ಸೇರಿಕೊಂಡಿತು. 1990ರ ಜುಲೈಯಲ್ಲಿ ಆ ಕಾಲುವೆಯ ಮುಖ್ಯ ಎಂಜಿನಿಯರನ್ನೂ ಇನ್ನೊಬ್ಬ ಎಂಜಿನಿಯರನ್ನೂ ಗುಂಡಿಟ್ಟು ಕೊಂದರು. ಕೆಲಸ ನಿಂತಿತು. 2002ರಲ್ಲಿ, 2004ರಲ್ಲಿ ಸುಪ್ರೀಂ ಕೋರ್ಟ್ ಕಾಲುವೆ ಮುಗಿಸಿರಿ ಎಂದಿತು. 2004ರಲ್ಲೇ ಪಂಜಾಬ್ ಹಳೆಯ ಒಪ್ಪಂದಗಳನ್ನೆಲ್ಲ ರದ್ದು ಮಾಡುವ ಕಾನೂನು ತಂದಿತು. ಆ ಕಾನೂನು ನಿಲ್ಲದು ಎಂದು 2016ರಲ್ಲಿ ಕೋರ್ಟು ಅಭಿಪ್ರಾಯ ಕೊಟ್ಟರೆ, ಪಂಜಾಬ್ ಸ್ವಾಧೀನಪಡಿಸಿಕೊಂಡಿದ್ದ ಜಮೀನನ್ನು ರೈತರಿಗೆ ತಿರುಗಿ ಕೊಡಲು ಹೊರಟಿತು. ಆ ಕಾಲುವೆಯಲ್ಲಿ ಇಂದಿಗೂ ಆ ನೀರು ಹರಿದಿಲ್ಲ. ತೀರ್ಪು ಇದೆ, ಮಣ್ಣು ತೋಡಿದ್ದೂ ಇದೆ. ಇಬ್ಬರೂ ಒಟ್ಟಿಗೆ ಕುಳಿತು ಗೇಟು ಎತ್ತಿ ಇಳಿಸುವ ವ್ಯವಸ್ಥೆ ಮಾತ್ರ ಇಲ್ಲ. ಆ ಎಂಜಿನಿಯರುಗಳ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಒಂದು ಉಪವಿಭಾಗದಲ್ಲಿದ್ದೆ. ಅಂದು ರಾತ್ರಿ ತೂಬಿನ ಕಾವಲಿಗೆ ಹೋಗಲು ನಮ್ಮ ಲಸ್ಕರ್ ಹಿಂಜರಿದ. ಪಂಜಾಬ್ ಎಲ್ಲಿ, ನಾವೆಲ್ಲಿ! ಆದರೂ ನಾನು ಬಲವಂತ ಮಾಡಲಿಲ್ಲ, ಇಬ್ಬರೂ ಜೊತೆಯಾಗಿ ಹೋದೆವು.

ಇಷ್ಟು ಹೇಳಿದ ಮೇಲೆ ನಮ್ಮಲ್ಲಿ ಎಲ್ಲವೂ ಸರಿ ಇದೆ ಎಂದು ತಿಳಿಯಬೇಡಿ. ಬಲದಂಡೆ ಕಡೆಯ ಬಂಧುಗಳು ಮುನಿಸಿಕೊಳ್ಳಬಾರದು, ಒಂದು ಮಾತು ನೇರವಾಗಿ ಹೇಳುತ್ತೇನೆ. ಬಲದಂಡೆಯ ಮೇಲ್ಮಟ್ಟದ ಕಾಲುವೆ ಗಡಿ ಮುಟ್ಟುವವರೆಗೆ 105 ಕಿಲೋಮೀಟರ್ ನಮ್ಮ ನೆಲದಲ್ಲಿ ಹರಿಯುತ್ತದೆ. ಕೆಳಮಟ್ಟದ ಕಾಲುವೆಯಲ್ಲಿ ಮಂಡಳಿಯ ಉಸ್ತುವಾರಿ ಸುಮಾರು 250 ಕಿಲೋಮೀಟರ್ ತನಕ. ಮೇಲ್ಮಟ್ಟದ ಕಾಲುವೆಯಲ್ಲಿ ಅವರ ಪಾಲು 32.5 ಟಿ.ಎಂ.ಸಿ., ನಮ್ಮದು 17.5. ಅನಂತಪುರ ಕಡೆಗೆ ಹೋಗುವ ಆ ನೀರು ನಮ್ಮ ಊರುಗಳ ಮಗ್ಗುಲಲ್ಲೇ ಹಾದು ಹೋಗುತ್ತದೆ. ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟು ಪೈಪು ಇಳಿಬಿಟ್ಟವರು ಎಷ್ಟು ಜನ ಎಂದು ಇಲ್ಲಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಬಿಟ್ಟ ನೀರು ಗಡಿಯಲ್ಲಿ ಅಳೆದರೆ ಕಡಿಮೆ ಬರುತ್ತದೆ ಎಂದು ಆಂಧ್ರದ ಎಂಜಿನಿಯರುಗಳು ದೂರುತ್ತಾರೆ. ಆ ದೂರು ಸುಳ್ಳಲ್ಲ. ಅಲ್ಲಿ ಮೇಲಿನವರು ನಾವು, ಕೊನೆ ಭಾಗದವರು ಅವರು.

ರಾಜೋಳಿಬಂಡದಲ್ಲಿಯೂ ಇದೇ ಕಥೆ. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ 143 ಕಿಲೋಮೀಟರ್ ಕಾಲುವೆ ಹೊರಡುತ್ತದೆ. ಮೊದಲ 42 ಕಿಲೋಮೀಟರ್ ನಮ್ಮಲ್ಲಿ, ಉಳಿದದ್ದು ಈಗಿನ ತೆಲಂಗಾಣದ ಗದ್ವಾಲ, ಆಲಂಪುರ ಸೀಮೆಯಲ್ಲಿ. ನೀರು 17.1 ಟಿ.ಎಂ.ಸಿ., ಅದರಲ್ಲಿ ನಮ್ಮದು 1.2, ಅವರದು 15.9. ನಮ್ಮ ಅಚ್ಚುಕಟ್ಟು 5,879 ಎಕರೆ, ಅವರದು 87,500 ಎಕರೆ. ಕಟ್ಟುವಾಗ ಇದು ಒಂದೇ ರಾಯಚೂರು ಜಿಲ್ಲೆಯೊಳಗಿನ ಕಾಲುವೆ. ಮಾನ್ವಿಯ ಹೆಣ್ಣನ್ನು ಗದ್ವಾಲಕ್ಕೆ ಕೊಟ್ಟವರು, ಅಲ್ಲಿಂದ ತಂದವರು ಈಗಲೂ ಇದ್ದಾರೆ. ಕಾಲುವೆ ತುಂಬ ಹೂಳು, ಗೋಡೆಗಳಲ್ಲಿ ಬಿರುಕು. ನಮ್ಮ ಕಡೆಯ ದುರಸ್ತಿಗೆ ನಮ್ಮವರಿಗೆ ಆಸಕ್ತಿ ಕಡಿಮೆ, ಏಕೆಂದರೆ ಲಾಭ ಆ ಕಡೆಗೆ. ಕಟ್ಟೆಯನ್ನು ಸ್ವಲ್ಪ ಎತ್ತರಿಸಿ ಸರಿಪಡಿಸೋಣವೆಂದರೆ ಎದುರು ದಂಡೆಯ ಕರ್ನೂಲಿನವರ ಆಕ್ಷೇಪ, ತಮ್ಮ ನೀರು ಕಡಿಮೆಯಾದೀತೆಂದು. ಕೊನೆಗೆ ತೆಲಂಗಾಣದವರು ಬೇಸತ್ತು ತುಮ್ಮಿಳ್ಳದಲ್ಲಿ ಏತ ನೀರಾವರಿ ಕಟ್ಟಿಕೊಂಡು, ನದಿಯಿಂದ ನೀರೆತ್ತಿ ತಮ್ಮ ಕಾಲುವೆಗೆ ಹಾಕಿಕೊಂಡರು. ತಾನಾಗಿ ಹರಿದು ಬರಬೇಕಾದ ನೀರಿಗೆ ಕರೆಂಟು ಖರ್ಚು!

ಇನ್ನು ಎಡದಂಡೆಯ ಆ ಯಜಮಾನರ ಪ್ರಶ್ನೆಗೆ ಬರುತ್ತೇನೆ. ಎಡದಂಡೆಯಲ್ಲಿ ಸುಮಾರು ಆರು ಲಕ್ಷ ಎಕರೆ ಅಚ್ಚುಕಟ್ಟು. ಬರಗಾಲದ ಸೀಮೆಯ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಬೇಕೆಂದು ಯೋಜನೆ ಮಾಡಿದ್ದು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಹೆಚ್ಚು ಭಾಗ, ಭತ್ತಕ್ಕೆ ಸಣ್ಣ ಭಾಗ. ಎಲ್ಲಿ ಯಾವ ಬೆಳೆ ಎಂದು ಸರ್ವೆ ನಂಬರಿನ ಪ್ರಕಾರ ಗುರುತು ಮಾಡಿಟ್ಟಿದ್ದರು. ನೀರು ಬಂತು, ಕರಾವಳಿ ಆಂಧ್ರದಿಂದ ಶ್ರಮಜೀವಿಗಳು ಬಂದು ಜಮೀನು ಕೊಂಡು ಕ್ಯಾಂಪು ಕಟ್ಟಿದರು, ಭತ್ತ ಬೆಳೆದು ತೋರಿಸಿದರು. ಅವರನ್ನು ನೋಡಿ ನಾವೂ ಬೆಳೆದೆವು. ಅವರನ್ನು ದೂರುವುದಿಲ್ಲ. ಅವರ ಮೊಮ್ಮಕ್ಕಳು ಇಂದು ನಿಮ್ಮದೇ ಸಂಘಗಳಲ್ಲಿ ಹಾಲು ಹಾಕುತ್ತಾರೆ, ಇಬ್ಬರು ಈ ಸಭೆಯಲ್ಲಿಯೂ ಇದ್ದಾರೆ. ಗಂಗಾವತಿ, ಸಿಂಧನೂರಿನ ಅಕ್ಕಿ ಹೆಸರು ಮಾಡಿತು, ಗಿರಣಿಗಳು ಎದ್ದವು. ಆದರೆ ಮೇಲ್ಭಾಗದಲ್ಲಿ ಗುರುತು ಮಾಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಭತ್ತ ನಿಂತಾಗ ಕೊನೆ ಭಾಗಕ್ಕೆ ನೀರು ಎಲ್ಲಿಂದ ಹೋಗಬೇಕು? 69ನೇ ಮೈಲಿಯಲ್ಲಿ, 104ನೇ ಮೈಲಿಯಲ್ಲಿ ಗೇಜು ಎಷ್ಟಿದೆ ಎಂದು ಕೇಳಿಕೊಂಡು ಮಾನ್ವಿ, ರಾಯಚೂರಿನ ರೈತರು ರಸ್ತೆಯಲ್ಲಿ ಕೂರುವುದು ಈ ಕಾರಣಕ್ಕೆ. ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿ 2024ರಲ್ಲಿ ನಮ್ಮ ಶಾಸಕಾಂಗ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದಿದೆ. ಆದರೆ ರಾತ್ರಿ ಹನ್ನೆರಡಕ್ಕೆ ಒಬ್ಬನೇ ಟಾರ್ಚು ಹಿಡಿದು ನಿಂತ ಲಸ್ಕರ್‌ಗೆ ಕಾಯ್ದೆ ಎಷ್ಟು ಬಲ ಕೊಡುತ್ತದೆಂದು ನಾನು ಬಲ್ಲೆ.

ಯಜಮಾನರೇ, ನೀರು ಕುಡಿದವರು ನಾವೇ. ಆ ದಿನ ಹೇಳಬೇಕಿತ್ತು, ಇಂದು ಹೇಳುತ್ತಿದ್ದೇನೆ. ಅವರು ಈಗಿಲ್ಲ.

ಇದರ ಮೇಲೆ ಹೂಳು. ಕಟ್ಟಿದಾಗ ಜಲಾಶಯ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿತ್ತು. ಈಚಿನ ಲೆಕ್ಕದಲ್ಲಿ 105.788. ಹತ್ತಿರ ಹತ್ತಿರ 27 ಟಿ.ಎಂ.ಸಿ. ಜಾಗದಲ್ಲಿ ಮಣ್ಣು ಕುಳಿತಿದೆ. 2017ರ ಬೇಸಿಗೆಯಲ್ಲಿ ರೈತರೇ ಟ್ರ್ಯಾಕ್ಟರ್ ತಂದು ಹೂಳೆತ್ತಿದರು. ಅವರಿಗೆ ನಮಸ್ಕಾರ. ಆದರೆ ಅಷ್ಟು ಮಣ್ಣನ್ನು ಹೊರಗೆ ತಂದು ಹಾಕುವ ಜಾಗವೇ ಭೂಮಿಯ ಮೇಲೆ ಸಿಗುವುದು ಕಷ್ಟ. ಅದಕ್ಕೆ ನವಲಿಯ ಹತ್ತಿರ ಸಮತೋಲನ ಜಲಾಶಯ ಕಟ್ಟಿ ಪ್ರವಾಹದ ನೀರು ಹಿಡಿಯೋಣ ಎಂದು ನಮ್ಮ ರಾಜ್ಯ ಹೇಳುತ್ತ ಬಂದಿದೆ. ಮೇಲ್ಮಟ್ಟದ ಕಾಲುವೆಗೆ ಸಮಾನಾಂತರ ಕಾಲುವೆ ತೆಗೆಯೋಣ ಎಂದು ಆಂಧ್ರ ಹೇಳುತ್ತ ಬಂದಿದೆ. ಒಬ್ಬರ ಪ್ರಸ್ತಾಪಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ನೀರು ಅಳೆಯುವುದರಲ್ಲಿ ಒಬ್ಬರಿಗೊಬ್ಬರ ಮೇಲೆ ನಂಬಿಕೆ ಬಾರದೆ ಎರಡೂ ಆಗುವುದಿಲ್ಲ. ಗಡಿಯಲ್ಲಿ ನೀರು ಕಡಿಮೆ ಮುಟ್ಟಿಸುತ್ತ, ಹೊಸ ಜಲಾಶಯಕ್ಕೆ ಸಹಿ ಹಾಕಿರಿ ಎಂದರೆ ಯಾರು ಹಾಕುತ್ತಾರೆ?

2024ರ ಆಗಸ್ಟ್ 10ರ ರಾತ್ರಿ ನಿಮಗೆಲ್ಲ ನೆನಪಿರಬಹುದು. ತುಂಬಿದ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಕಡಿಮೆ ಮಾಡಲು ಬೇರೆ ಗೇಟುಗಳನ್ನೂ ತೆರೆದು, ಮೂವತ್ತಕ್ಕೂ ಹೆಚ್ಚು ಟಿ.ಎಂ.ಸಿ. ನೀರನ್ನು ಕಣ್ಣೆದುರಿಗೆ ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದರ ಮೇಲೊಂದು ಉಕ್ಕಿನ ತಡೆಯಿಳಿಸಿ ಒಂದು ವಾರದಲ್ಲಿ ಕಂಡಿ ಮುಚ್ಚಿದರು. ಆ ವಾರ ಕರ್ನಾಟಕದ ನೀರು, ಆಂಧ್ರದ ನೀರು ಎಂದು ಯಾರೂ ಕೇಳಲಿಲ್ಲ. ಹೋದದ್ದು ಇಬ್ಬರದೂ. ಪುಣ್ಯಕ್ಕೆ ಮಳೆ ಮತ್ತೆ ಬಂದು ಆ ವರ್ಷ ಉಳಿಸಿತು. ಉಳಿದ ಗೇಟುಗಳೂ ಹಳೆಯವು, 33ನ್ನೂ ಬದಲಿಸಬೇಕು ಎಂದು ತಜ್ಞರು ಹೇಳಿದ್ದರಿಂದ 2025ರಲ್ಲಿ ಸಂಗ್ರಹವನ್ನು 80 ಟಿ.ಎಂ.ಸಿ. ಮಟ್ಟಕ್ಕೆ ತಡೆದರು. ನಿಮ್ಮ ಬಣವೆ ಬರಿದಾದದ್ದು ಅಲ್ಲಿಂದ. ಅದನ್ನು ಆಂಧ್ರದವರು ಒಯ್ದಿರಲಿಲ್ಲ. ಅವರಿಗೂ ಇದ್ದದ್ದು ಅದೇ 80ರೊಳಗಿನ ಪಾಲು.

ಕೊನೆಯದಾಗಿ ನಿಮ್ಮ ಕೈಯಲ್ಲಿರುವ ಒಂದು ಕೆಲಸ. ಬೆಳಗಿನ ಜಾವ ನಿಮ್ಮ ಸಂಘದ ಮುಂದೆ ಸಾಲು ನಿಲ್ಲುತ್ತದೆ. ಗೌಡರ ಹಾಲೂ ಅದೇ ಅಳತೆಯಲ್ಲಿ, ಕೂಲಿ ಮಾಡುವವಳ ಹಾಲೂ ಅದೇ ಅಳತೆಯಲ್ಲಿ. ಮಾದರಿ ತೆಗೆಯುತ್ತೀರಿ, ಜಿಡ್ಡಿನಂಶ ನೋಡುತ್ತೀರಿ, ಪಾಸ್‌ಬುಕ್ಕಿಗೆ ಬರೆಯುತ್ತೀರಿ, ಅದರಂತೆ ಬಟವಾಡೆ ಮಾಡುತ್ತೀರಿ. ಎಲ್ಲರ ಎದುರಿಗೆ ಆಗುವುದರಿಂದ ಜಗಳ ಕಡಿಮೆ. ನೀರು ಬಳಕೆದಾರರ ಸಹಕಾರ ಸಂಘಗಳನ್ನು ಸರ್ಕಾರ 2000ದ ನಂತರ ಊರೂರಿಗೆ ಮಾಡಿತು. ತೂಬಿನಲ್ಲಿ ನೀರನ್ನು ಅಳೆದು ಸಂಘಕ್ಕೆ ಒಪ್ಪಿಸಬೇಕು, ಸಂಘ ಸದಸ್ಯರಿಗೆ ಹಂಚಬೇಕು, ಇದು ಉದ್ದೇಶ. ಹೆಚ್ಚಿನವು ಬೋರ್ಡಿನಲ್ಲಿ ಉಳಿದಿವೆ. ಅಳೆಯುವ ಪಟ್ಟಿಯೇ ಇಲ್ಲದ ತೂಬುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅಳತೆ ಇಲ್ಲದ ಹಾಲಿನ ಸಂಘ ಒಂದು ವಾರ ನಡೆದೀತೇ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕಾಲುವೆಗೆ ನೀರು ಬಿಟ್ಟ ದಿನದಿಂದ ನಿಮ್ಮ ವಿತರಣಾ ಕಾಲುವೆಯ ಗೇಜನ್ನು ದಿನಾ ಬೆಳಿಗ್ಗೆ ಒಬ್ಬರು ನೋಡಿ ಬರಲಿ, ಹಾಲಿನ ದರಪಟ್ಟಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆಯಲಿ. ಮೇಲಿನ ಊರಿನ ಸಂಘದವರೂ ಬರೆಯಲಿ, ಕೊನೆ ಊರಿನವರೂ ಬರೆಯಲಿ. ಹಾಲಿನ ವಾಹನ ಎರಡೂ ಊರಿಗೆ ಹೋಗುತ್ತದೆ, ಚಾಲಕ ಒಂದು ಚೀಟಿ ತರಲಾರನೇ? ಎರಡು ಅಂಕಿ ಪಕ್ಕಪಕ್ಕ ಇಟ್ಟಾಗ ನೀರು ಎಲ್ಲಿ ನಿಂತಿತು ಎಂದು ಯಾರೂ ಭಾಷಣ ಮಾಡಿ ಹೇಳಬೇಕಾಗಿಲ್ಲ. ಜೊತೆಗೆ, ಮೇಲ್ಭಾಗದ ಬಂಧುಗಳು ಎರಡನೇ ಬೆಳೆಯಲ್ಲಿ ಒಂದೆರಡು ಎಕರೆಯನ್ನಾದರೂ ಭತ್ತದ ಬದಲು ಮೇವಿನ ಜೋಳಕ್ಕೆ ಬಿಡಿ. ಅದಕ್ಕೆ ಬೇಕಾದ ನೀರು ಬಹಳ ಕಡಿಮೆ, ಹಸುವಿಗೆ ಭತ್ತದ ಹುಲ್ಲಿಗಿಂತ ಒಳ್ಳೆಯ ಮೇವು. ಉಳಿದ ನೀರು ಕೆಳಗಿನವರ ಹೊಲ ಮುಟ್ಟುತ್ತದೆ. ಮೇವಿನ ಬೀಜದ ವಿಚಾರವಾಗಿ ಒಕ್ಕೂಟದ ವಿಸ್ತರಣಾಧಿಕಾರಿಗಳು ನನ್ನ ನಂತರ ಮಾತನಾಡಲಿದ್ದಾರೆ.

ಹೊತ್ತಾಗಿದೆ, ಸಂಜೆಯ ಹಾಲು ಹಿಂಡಲು ನೀವೆಲ್ಲ ಊರು ಮುಟ್ಟಬೇಕು. ಯಾರಿಗಾದರೂ ತಮ್ಮ ತೂಬಿನ ಬಗ್ಗೆ ಕೇಳುವುದಿದ್ದರೆ ಊಟದ ಹೊತ್ತಿಗೆ ಬನ್ನಿ, ಹಳೆಯ ನಕ್ಷೆ ತಂದಿದ್ದೇನೆ.